ನಿವೃತ್ತಿಗೆ ಒಂದು ದಿನ ಮೊದಲು

ಸರಕಾರಿ ಕೆಲಸದಲ್ಲಿ ತಲೆ ನರೆತವರ ಮನೆಗಳಲ್ಲಿ ನಿವೃತ್ತಿಯ ದಿನವೆಂದರೆ ಒಂದು ಬಗೆಯ ಹಬ್ಬ. ಕಚೇರಿಯಲ್ಲಿ ಗಂಧದ ಹಾರ, ಶಾಲು, ಹಣ್ಣಿನ ತಟ್ಟೆ, ಕೈಕೆಳಗಿನವರ ಭಾಷಣ, ಎಂದೂ ಮೆಚ್ಚುಗೆಯ ಮಾತನಾಡದ ಮೇಲಧಿಕಾರಿಯ ಬಾಯಿಂದಲೂ ಆ ಸಂಜೆ ಎರಡು ಒಳ್ಳೆಯ ಮಾತು. ಯಜಮಾನರು ಮನೆಗೆ ಬಂದು ಹಾರವನ್ನು ಗೋಡೆಯ ಮೊಳೆಗೆ ತಗುಲಿಸಿ ಆರಾಮ ಕುರ್ಚಿಯಲ್ಲಿ ಕೂಡುವ ಹೊತ್ತಿಗೆ, ಬರಲಿರುವ ಪಿಂಚಣಿಯ ಲೆಕ್ಕವನ್ನು ಮನೆಯಾಕೆ ಮನಸ್ಸಿನಲ್ಲೇ ಹತ್ತು ಸಲ ಹಾಕಿ ಮುಗಿಸಿರುತ್ತಾರೆ. ತಿಂಗಳ ಮೊದಲಿಗೆ ಕೈಸೇರುವ ಆ ಹಣದೊಡನೆ, ಈತ ನಂಬಿಕೆಗೆ ತಕ್ಕಂತೆ ದುಡಿದವನು ಎಂಬ ಸರಕಾರದ ಒಪ್ಪಿಗೆಯೂ ಸೇರಿಕೊಂಡೇ ಬರುತ್ತದೆ.

ಭಾರತೀಯ ಭೂಸೇನೆಯ ಮೇಜರ್ ಜನರಲ್ ಶಾಬೇಗ್ ಸಿಂಗರಿಗೆ ಅಂತಹ ಸಂಜೆಯೊಂದು 1976ರಲ್ಲಿ ಬರಬೇಕಾಗಿದ್ದಿತು. ಬರಲಿಲ್ಲ. ನಿವೃತ್ತಿಗೆ ಒಂದೇ ಒಂದು ದಿನ ಉಳಿದಿರುವಾಗ ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ಸೈನಿಕ ನ್ಯಾಯಾಲಯದ ಮುಂದೆ ವಿಚಾರಣೆಯಾಗಲಿಲ್ಲ. ಪಿಂಚಣಿ ಹೋಯಿತು, ಪದವಿಯೂ ಹೋಯಿತು. ಎಂಟು ವರ್ಷಗಳ ತರುವಾಯ, ಅಮೃತಸರದ ಸ್ವರ್ಣಮಂದಿರದಲ್ಲಿ, ತಾವು ಸೇವೆ ಸಲ್ಲಿಸಿದ ಸೈನ್ಯದ ಎದುರಿಗೇ ವ್ಯೂಹ ರಚಿಸಿ ನಿಂತವರು ಇದೇ ಶಾಬೇಗ್ ಸಿಂಗರು. ಒಂದು ದಿನದ ಅವಮಾನವೇ ಒಬ್ಬ ಸೇನಾನಿಯನ್ನು ಅಲ್ಲಿಗೆ ಕೊಂಡೊಯ್ದಿತೆಂದು ಹೇಳಿಬಿಡುವುದು ಸುಲಭ. ಅಷ್ಟು ಸುಲಭವಾಗಿದ್ದರೆ ಈ ಬಾಳಿನ ಕಥೆಯನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಅವರು ಹುಟ್ಟಿದ್ದು ಅಮೃತಸರ ಜಿಲ್ಲೆಯ ಖಿಯಾಲಾ ಎಂಬ ಹಳ್ಳಿಯ ಒಂದು ಒಕ್ಕಲು ಮನೆತನದಲ್ಲಿ. ಆ ಮನೆತನ ತನ್ನ ಬೇರನ್ನು ಮೆಹತಾಬ್ ಸಿಂಗನವರೆಗೆ ಗುರುತಿಸಿಕೊಳ್ಳುತ್ತಿದ್ದಿತು. ಮೆಹತಾಬ್ ಸಿಂಗ್ ಯಾರೆಂಬುದನ್ನು ಪಂಜಾಬಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 1740ರಲ್ಲಿ ಮಸ್ಸಾ ರಂಘಡನೆಂಬ ಅಧಿಕಾರಿ ಹರಿಮಂದಿರದೊಳಗೆ ಮಂಚ ಹಾಕಿಸಿಕೊಂಡು, ಹುಕ್ಕಾ ಸೇದುತ್ತ, ನರ್ತಕಿಯರನ್ನು ಕುಣಿಸುತ್ತಿದ್ದನಂತೆ. ಆ ಸುದ್ದಿ ಬಿಕಾನೇರದ ಮರಳುಗಾಡಿನಲ್ಲಿ ತಲೆಮರೆಸಿಕೊಂಡಿದ್ದ ಸಿಖ್ಖರಿಗೆ ಮುಟ್ಟಿತು. ಮೆಹತಾಬ್ ಸಿಂಗ್, ಸುಖಾ ಸಿಂಗ್ ಎಂಬಿಬ್ಬರು ಕಂದಾಯ ಕಟ್ಟಲು ಬಂದ ಪಟೇಲರಂತೆ ವೇಷ ಹಾಕಿದರು. ಚೀಲದಲ್ಲಿ ನಾಣ್ಯದ ಬದಲು ದುಂಡಗೆ ತೇಯ್ದ ಹೆಂಚಿನ ಚೂರುಗಳನ್ನು ತುಂಬಿಕೊಂಡು ಒಳಹೊಕ್ಕರು. ಚೀಲವನ್ನು ನೋಡಲೆಂದು ಬಗ್ಗಿದ ಮಸ್ಸಾನ ತಲೆಯನ್ನು ಕಡಿದು ಕೊಂಡೊಯ್ದರು. ಮುಂದೆ ಮೆಹತಾಬ್ ಸಿಂಗ್ ಸೆರೆಸಿಕ್ಕಿ ಲಾಹೋರಿನಲ್ಲಿ ಚಿತ್ರಹಿಂಸೆಯಿಂದ ಸತ್ತ. ಮಂದಿರದ ಮಾನ, ವೇಷದ ಉಪಾಯ, ಕೊನೆಗೊಂದು ಬಲಿ: ಕಥೆಯ ಈ ಮೂರು ಅಂಗಗಳನ್ನೂ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇನ್ನೂರ ನಲವತ್ತು ವರ್ಷಗಳ ಮೇಲೆ ಅವು ಮೂರೂ ಬೇರೆಯ ಬಣ್ಣದಲ್ಲಿ ಮರಳಿ ಬಂದುವು.

ಹುಡುಗ ಓದಿನಲ್ಲಿ ಚುರುಕು. ಅಮೃತಸರದ ಖಾಲ್ಸಾ ಕಾಲೇಜು, ಆಮೇಲೆ ಲಾಹೋರಿನ ಸರಕಾರಿ ಕಾಲೇಜು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಅಧಿಕಾರಿಯಾಗಿ ಸೈನ್ಯಕ್ಕೆ ಆಯ್ಕೆಯಾಗಿ, ಡೆಹರಾಡೂನಿನ ತರಬೇತಿ ಮುಗಿಸಿ ಗಢವಾಲ್ ರೈಫಲ್ಸ್ ಸೇರಿದರು. ಬರ್ಮಾ ರಣರಂಗವನ್ನು ಕಂಡರು. ದೇಶ ಇಬ್ಭಾಗವಾದ ಬಳಿಕ ಪ್ಯಾರಾಚೂಟ್ ದಳಕ್ಕೆ ಹೋದರು. ಮುಂದೆ ಗೂರ್ಖಾ ಪಲ್ಟನೊಂದರ ನಾಯಕರಾದರು. ಸ್ವತಂತ್ರ ಭಾರತ ಕಾದಿದ ಯುದ್ಧಗಳಲ್ಲೆಲ್ಲ ಅವರ ಪಾಲು ಇದ್ದಿತು. ನಾಗಾ ಗುಡ್ಡಗಳಲ್ಲಿ ಬಂಡುಕೋರರ ಎದುರು ಸೇವೆಯೂ ಆಯಿತು. ಏಳು ಭಾಷೆ ಬಲ್ಲವರೆಂದು ಹೆಸರು. ತೆಳ್ಳನೆಯ ಮೈಕಟ್ಟು, ಚುರುಕಾದ ಕಣ್ಣು. ಇಷ್ಟರವರೆಗಿನದು ಒಳ್ಳೆಯ ಅಧಿಕಾರಿಗಳು ಹಲವರ ಬಾಳಿನಂತೆಯೇ ನಡೆದ ಬಾಳು.

1971 ಅವರನ್ನು ಇತರರಿಂದ ಬೇರೆಯಾಗಿ ನಿಲ್ಲಿಸಿತು. ಆ ವರ್ಷದ ಮಾರ್ಚಿನಲ್ಲಿ ಪಾಕಿಸ್ತಾನದ ಸೈನ್ಯ ಪೂರ್ವ ಬಂಗಾಳದ ಮೇಲೆ ಬಿದ್ದಾಗ, ಲಕ್ಷಗಟ್ಟಲೆ ಜನ ಗಡಿ ದಾಟಿ ಭಾರತಕ್ಕೆ ಬಂದರು. ಅವರ ನಡುವೆ ಕಾಲೇಜು ಹುಡುಗರಿದ್ದರು, ರೈತರ ಮಕ್ಕಳಿದ್ದರು, ಪಾಕಿಸ್ತಾನದ ಪಲ್ಟನುಗಳನ್ನು ಬಿಟ್ಟು ಬಂದ ಬಂಗಾಳಿ ಸಿಪಾಯಿಗಳೂ ಇದ್ದರು. ಇವರನ್ನು ಕೂಡಿಸಿ ಮುಕ್ತಿವಾಹಿನಿಯೆಂಬ ಪಡೆಯನ್ನು ಹುರಿಗೊಳಿಸಬೇಕಾಗಿದ್ದಿತು. ಅಗರ್ತಲಾವನ್ನು ನೆಲೆಯಾಗಿ ಮಾಡಿಕೊಂಡ ಡೆಲ್ಟಾ ವಿಭಾಗದ ಹೊಣೆ ಆಗ ಬ್ರಿಗೇಡಿಯರ್ ಆಗಿದ್ದ ಶಾಬೇಗ್ ಸಿಂಗರಿಗೆ ಬಂದಿತು.

ಆ ಕೆಲಸವನ್ನು ಸಮವಸ್ತ್ರ ತೊಟ್ಟು ಮಾಡುವಂತಿರಲಿಲ್ಲ. ಅವರು ಬೇಗ್ ಎಂಬ ಹೆಸರಿಟ್ಟುಕೊಂಡರೆಂದೂ, ವೇಷಕ್ಕಾಗಿ ಹುಟ್ಟಿದಂದಿನಿಂದ ಕತ್ತರಿ ಕಾಣದ ತಲೆಗೂದಲನ್ನು ಕತ್ತರಿಸಿಕೊಂಡರೆಂದೂ ಅವರನ್ನು ಕುರಿತು ಬರೆದವರು ಹೇಳುತ್ತಾರೆ. ಧರ್ಮನಿಷ್ಠ ಸಿಖ್ಖನೊಬ್ಬ ಕೇಶವನ್ನು ತೆಗೆಸುವುದೆಂದರೆ ಏನೆಂಬುದನ್ನು, ಜನಿವಾರದ ಮೇಲೆಯೋ ಶಿವದಾರದ ಮೇಲೆಯೋ ಪ್ರಾಣವಿಟ್ಟುಕೊಂಡ ಹಿರಿಯರಿರುವ ಮನೆಯವರು ಊಹಿಸಬಲ್ಲರು. ದೇಶ ಕೇಳಿತು, ಅವರು ಕೊಟ್ಟರು.

ಆ ಹುಡುಗರಿಗೆ ಅವರು ಕಲಿಸಿದ ವಿದ್ಯೆ ಎಂತಹದು? ದೊಡ್ಡ ಸೈನ್ಯದ ಎದುರಿಗೆ ನೇರವಾಗಿ ನಿಲ್ಲಬೇಡಿ. ಸೇತುವೆಯನ್ನು ಮುರಿಯಿರಿ, ದಾರಿಯನ್ನು ಕೆಡಿಸಿರಿ, ಹೊಡೆದು ಮರೆಯಾಗಿರಿ. ಊರಿನ ಮನೆಗಳೇ ನಿಮ್ಮ ಕಣ್ಣು ಕಿವಿಗಳಾಗಲಿ. ಹತ್ತು ಜನ ಸಾವಿರ ಜನರನ್ನು ಕಟ್ಟಿಹಾಕಬಲ್ಲರು. ಗೆರಿಲ್ಲಾ ಯುದ್ಧದ ಪಾಠವೆಲ್ಲ ಸ್ಥೂಲವಾಗಿ ಇಷ್ಟೇ. ಡಿಸೆಂಬರಿನಲ್ಲಿ ಭಾರತದ ಸೈನ್ಯ ಗಡಿ ದಾಟುವ ಹೊತ್ತಿಗೆ ಪಾಕಿಸ್ತಾನದ ಪಡೆಗಳು ಒಳಗಿನಿಂದಲೇ ಸಾಕಷ್ಟು ಜರ್ಝರಿತವಾಗಿದ್ದುವು. ಡಿಸೆಂಬರ್ 16ರಂದು ಢಾಕಾದಲ್ಲಿ ಜನರಲ್ ನಿಯಾಜಿ ಶರಣಾದ ಪತ್ರವನ್ನು ಬರೆಯಿಸಿಕೊಂಡವರು ಇನ್ನೊಬ್ಬ ಸಿಖ್ ಸೇನಾನಿ, ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಆ ಚಿತ್ರವನ್ನು ದೇಶವೆಲ್ಲ ಕಂಡಿತು. ಬೇಗ್ ಎಂಬ ಹೆಸರಿನವರ ಚಿತ್ರ ಯಾವ ಪತ್ರಿಕೆಯಲ್ಲಿಯೂ ಬರುವಂತಿರಲಿಲ್ಲ. ಆದರೆ ಸೈನ್ಯಕ್ಕೆ ಗೊತ್ತಿದ್ದಿತು. ಪದವಿ ಏರಿತು, ಪರಮ ವಿಶಿಷ್ಟ ಸೇವಾ ಪದಕ ಎದೆಗೆ ಬಂದಿತು.

ಮುಂದಿನ ಕೆಲವು ವರ್ಷಗಳು ಜಬಲ್ಪುರ, ಬರೇಲಿಗಳಂತಹ ದಂಡಿನ ಊರುಗಳಲ್ಲಿ ಆಡಳಿತದ ಕೆಲಸದಲ್ಲಿ ಕಳೆದುವು. ಅಲ್ಲಿಯೇ ತೊಡಕು ಮೊದಲಾಯಿತು. ಹಣಕಾಸಿನ ಅಕ್ರಮ, ಆದಾಯಕ್ಕೆ ಮೀರಿದ ಆಸ್ತಿ ಎಂದು ಮುಂತಾದ ಆರೋಪಗಳು ಬಂದುವು. ಆರೋಪ ಬಂದರೆ ವಿಚಾರಣೆ ನಡೆಯಬೇಕು. ಸೈನ್ಯದಲ್ಲಿ ಅದಕ್ಕೆ ನ್ಯಾಯಾಲಯವೂ ಉಂಟು. ಇಲ್ಲಿ ಅದು ನಡೆಯಲಿಲ್ಲ. ತುರ್ತುಪರಿಸ್ಥಿತಿಯ ಕಾಲ, ಪ್ರಶ್ನಿಸುವ ಬಾಯಿಗಳೂ ಕಡಮೆಯಾಗಿದ್ದುವು. ಆಜ್ಞೆಯೊಂದು ಬಂದಿತು, ಬಾಳು ಮುರಿಯಿತು. ವಜಾ ಮಾಡಿದ ಮೇಲೆ ಸಿವಿಲ್ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದುವು. ಅದನ್ನು ಕಂಡವರಿಗೆ ಗೊತ್ತು: ವಕೀಲರ ಫೀಜು, ವಾಯಿದೆಯ ಮೇಲೆ ವಾಯಿದೆ, ರೈಲು ಪ್ರಯಾಣ, ನೆಂಟರ ಪಿಸುಮಾತು. ಒಂದು ಕಾಲಕ್ಕೆ ಸಾವಿರಾರು ಸಿಪಾಯಿಗಳು ಸೆಲ್ಯೂಟು ಹೊಡೆದವರು ಕಟಕಟೆಯಲ್ಲಿ ನಿಲ್ಲಬೇಕು. 1984ರ ಫೆಬ್ರವರಿಯಲ್ಲಿ ಲಖನೌದ ವಿಶೇಷ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಆ ತೀರ್ಪು ನಾಲ್ಕು ವರ್ಷ ಮೊದಲೇ ಬಂದಿದ್ದರೆ ಏನಾಗುತ್ತಿದ್ದಿತು? ಈ ಪ್ರಶ್ನೆಯನ್ನು ಹಾಕಿಕೊಳ್ಳದೆ ಇರಲಾಗುವುದಿಲ್ಲ, ಉತ್ತರವೂ ದೊರೆಯುವುದಿಲ್ಲ. ತೀರ್ಪು ಬರುವ ಹೊತ್ತಿಗಾಗಲೇ ಅವರು ಸಂತ ಜರ್ನೈಲ್ ಸಿಂಗ್ ಭಿಂದ್ರನ್‌ವಾಲೆಯವರ ಬಳಗವನ್ನು ಸೇರಿಯಾಗಿದ್ದಿತು.

ಪಂಜಾಬು ಆಗ ಕುದಿಯುತ್ತಿದ್ದಿತು. ನದಿಯ ನೀರು, ಚಂಡೀಗಢ, ರಾಜ್ಯಗಳ ಅಧಿಕಾರ ಎಂಬ ಬೇಡಿಕೆಗಳನ್ನು ಮುಂದಿಟ್ಟು ಅಕಾಲಿ ದಳ 1982ರ ಆಗಸ್ಟಿನಲ್ಲಿ ಧರ್ಮಯುದ್ಧ ಮೋರ್ಚಾ ಹೂಡಿತು. ಅದೇ ವರ್ಷ ದೆಹಲಿಯಲ್ಲಿ ಏಷ್ಯಾಡ್ ಕ್ರೀಡೆಗಳು ನಡೆದಾಗ, ಪ್ರತಿಭಟನೆ ನಡೆದೀತೆಂಬ ಭಯದಿಂದ ಹರಿಯಾಣದ ರಸ್ತೆಗಳಲ್ಲಿ ಪೇಟ ಕಟ್ಟಿದವರನ್ನೆಲ್ಲ ತಡೆದು ಶೋಧಿಸಿದರು. ನಿವೃತ್ತ ಸೇನಾಧಿಕಾರಿಗಳೂ ಆ ಅವಮಾನವನ್ನು ಉಣ್ಣಬೇಕಾಯಿತು. ಇನ್ನೊಂದು ಕಡೆ ಭಿಂದ್ರನ್‌ವಾಲೆಯವರ ಮಾತಿನ ಬಿರುಸು ದಿನದಿನಕ್ಕೆ ಏರುತ್ತಿದ್ದಿತು, ಕೊಲೆಗಳೂ ಏರುತ್ತಿದ್ದುವು. 1983ರ ಏಪ್ರಿಲಿನಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರ್ ಜನರಲ್ ಅವತಾರ್ ಸಿಂಗ್ ಅಟವಾಲರು ಪೂಜೆ ಮುಗಿಸಿ ಮಂದಿರದ ಬಾಗಿಲಿನಿಂದ ಹೊರಬರುತ್ತಿರುವಾಗ ಗುಂಡಿಗೆ ಬಲಿಯಾದರು. ಅಕ್ಟೋಬರಿನಲ್ಲಿ ಬಸ್ಸೊಂದನ್ನು ತಡೆದು ಹಿಂದೂ ಪ್ರಯಾಣಿಕರನ್ನು ಬೇರ್ಪಡಿಸಿ ಕೊಂದರು. ಡಿಸೆಂಬರಿನಲ್ಲಿ ಭಿಂದ್ರನ್‌ವಾಲೆಯವರು ತಮ್ಮ ವಾಸವನ್ನು ಅಕಾಲ್ ತಖ್ತಿಗೆ ಬದಲಿಸಿದರು. ಹರಿಮಂದಿರದ ಎದುರಿಗೇ ಇರುವ ಈ ಪೀಠವನ್ನು 1606ರಲ್ಲಿ ಗುರು ಹರಗೋವಿಂದರು ಸ್ಥಾಪಿಸಿದರು. ಸಿಖ್ಖರ ಲೌಕಿಕ ಅಧಿಕಾರದ ಪರಮ ಸ್ಥಾನವದು.

ಅವಮಾನಿತನಾದ ಸೈನಿಕನಿಗೆ ಅಲ್ಲಿ ಮಾನ ದೊರೆಯಿತು. ದೆಹಲಿ ಕಸಿದುಕೊಂಡ ಜನರಲ್ ಎಂಬ ಹೆಸರನ್ನು ಅಲ್ಲಿಯವರು ಮರಳಿ ಕೊಟ್ಟರು. ಬಂದೂಕು ಹಿಡಿದ ಹುಡುಗರನ್ನೂ ಕೊಟ್ಟರು. ಅಗರ್ತಲಾದಂತೆಯೇ! ಪೆಟ್ಟು ತಿಂದ ಮನಸ್ಸಿಗೆ ಇದಕ್ಕಿಂತ ದೊಡ್ಡ ಸೆಳೆತ ಯಾವುದಿದ್ದೀತು? ಆದರೆ ಸೆಳೆತವನ್ನು ಅರಿತುಕೊಳ್ಳುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಢಾಕಾದ ಅರೋರಾ ಅವರೂ ನೊಂದ ಸಿಖ್ಖರೇ. ಆ ನೋವನ್ನು ಅವರು ಬಹಿರಂಗವಾಗಿ ಆಡಿದರು, 1984ರ ಗಲಭೆಗಳಲ್ಲಿ ಮನೆಮಠ ಕಳೆದುಕೊಂಡವರಿಗಾಗಿ ದುಡಿದರು, ಅಕಾಲಿ ದಳದ ಪರವಾಗಿ ರಾಜ್ಯಸಭೆಯಲ್ಲಿ ಕುಳಿತು ಸರಕಾರವನ್ನು ಪ್ರಶ್ನಿಸಿದರು. ಅವರ ಪಿಂಚಣಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲವಷ್ಟೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ.

ಈಗ ಕೋಟೆಯ ಮಾತಿಗೆ ಬರೋಣ. ಸ್ವರ್ಣಮಂದಿರವನ್ನು ಕಂಡವರಿಗೆ ಅದರ ವಿನ್ಯಾಸ ನೆನಪಿರುತ್ತದೆ. ನಡುವೆ ಸರೋವರ, ಸರೋವರದ ಮಧ್ಯದಲ್ಲಿ ಹರಿಮಂದಿರ, ಸುತ್ತಲೂ ಬಿಳಿಯ ಅಮೃತಶಿಲೆಯ ಪರಿಕ್ರಮದ ಹಾದಿ, ಹಾದಿಯ ಅಂಚಿಗೆ ಸಾಲು ಕೋಣೆಗಳು, ಪಶ್ಚಿಮಕ್ಕೆ ಅಕಾಲ್ ತಖ್ತ್. ಯಾತ್ರಿಕನ ಕಣ್ಣಿಗೆ ಇದು ಶಾಂತಿಯ ನೆಲೆ. ಯುದ್ಧವನ್ನು ಓದಿದ ಕಣ್ಣಿಗೆ ಬೇರೆಯೇ ಕಂಡಿತು: ಒಳಬಂದವನಿಗೆ ಮರೆಯೆಂಬುದೇ ಇಲ್ಲ, ಬಿಳಿಯ ನೆಲದ ಮೇಲೆ ಇರುಳಿನಲ್ಲಿಯೂ ಮನುಷ್ಯನ ಆಕೃತಿ ಎದ್ದು ಕಾಣುತ್ತದೆ, ಸುತ್ತಲ ಕೋಣೆಗಳಿಂದ ಎಲ್ಲ ದಿಕ್ಕಿನಿಂದಲೂ ಗುಂಡು ಹಾರಿಸಬಹುದು, ನಡುವಣ ಮಂದಿರದ ಕಡೆಗೆ ಭಾರತದ ಯಾವ ಸೈನಿಕನೂ ಗುಂಡು ಹಾರಿಸಲಾರ.

ಶಾಬೇಗ್ ಸಿಂಗರು ಎತ್ತರದ ಹಳೆಯ ಗೋಪುರಗಳಲ್ಲಿ, ನೀರಿನ ತೊಟ್ಟಿಯ ಮೇಲೆ, ಹತ್ತಿರದ ಕಟ್ಟಡಗಳಲ್ಲಿ ಕಾವಲು ಇರಿಸಿದರು. ಹೊರಗಿನ ಓಣಿಯ ಮನೆಗಳಲ್ಲಿಯೂ ಕಣ್ಣಿಟ್ಟು ನೋಡುವವರನ್ನು ನಿಲ್ಲಿಸಿ ನಿಸ್ತಂತು ಸಂಪರ್ಕವನ್ನು ಕಲ್ಪಿಸಿದರು. ಅಕಾಲ್ ತಖ್ತಿನ ಕಿಟಕಿ ಬಾಗಿಲುಗಳಿಗೆ ಇಟ್ಟಿಗೆ, ಮರಳಿನ ಚೀಲಗಳು ಬಂದುವು. ಗೋಡೆಗಳಲ್ಲಿ ಗುಂಡಿಕ್ಕುವ ಕಿಂಡಿಗಳಾದುವು. ಹಲವು ಮೆಷಿನ್‌ಗನ್ನುಗಳನ್ನು ಅವರು ನೆಲಮಟ್ಟದಲ್ಲೇ ಇರಿಸಿದರು. ದಾಳಿಗೆ ಬರುವ ಸೈನಿಕ ಎದೆಯ ಎತ್ತರಕ್ಕೆ ಗುಂಡು ಬರುವುದೆಂದು ಎಣಿಸಿ ಬಗ್ಗುತ್ತಾನೆ, ತೆವಳುತ್ತಾನೆ. ತೆವಳುವುದನ್ನು ಅವನಿಗೆ ಕಲಿಸಿದವರು ಇಂತಹ ಅಧಿಕಾರಿಗಳೇ. ಕಲಿಸಿದವರಿಗೆ, ಆ ವಿದ್ಯೆ ಯಾವ ಮಟ್ಟದಲ್ಲಿ ನಿರುಪಯೋಗಿಯಾಗುವುದೆಂಬುದೂ ಗೊತ್ತಿದ್ದಿತು. ಆ ರಾತ್ರಿ ಕಾಲಿಗೆ ಗುಂಡು ತಗುಲಿ ಬಿದ್ದ ಸೈನಿಕರ ಸಂಖ್ಯೆಯೇ ಅದಕ್ಕೆ ಸಾಕ್ಷಿ.

ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹೊಡೆದು ಮರೆಯಾಗಿರಿ ಎಂದು ಬಂಗಾಳದ ಹುಡುಗರಿಗೆ ಕಲಿಸಿದವರು ಇಲ್ಲಿ ಮರೆಯಾಗಲು ದಾರಿಯನ್ನೇ ಇರಿಸಿಕೊಳ್ಳಲಿಲ್ಲ. ಗೆರಿಲ್ಲಾ ನಾಯಕ ಎಂದಿಗೂ ಮಾಡಬಾರದೆಂಬುದನ್ನೇ ಮಾಡಿದರು: ಒಂದು ಸ್ಥಳಕ್ಕೆ ಅಂಟಿಕೊಂಡು ನಿಂತರು. ದಾಳಿಯನ್ನು ಕೆಲವು ಕಾಲ ತಡೆದು ನಿಂತರೆ ಸುತ್ತಣ ಹಳ್ಳಿಗಳ ಜನ ಎದ್ದು ಬರುವರೆಂದು ಅವರು ಲೆಕ್ಕ ಹಾಕಿದ್ದರೆಂದು ಬರೆದವರಿದ್ದಾರೆ. ಇರಬಹುದು. ಬದುಕಿ ಹೊರಬರುವ ಯೋಚನೆಯೇ ಇರಲಿಲ್ಲವೆಂಬುದೂ ಅಷ್ಟೇ ಸಂಭವ.

ದೆಹಲಿ ಆರಿಸಿಕೊಂಡ ದಿನಗಳು ಇನ್ನೊಂದು ದುರದೃಷ್ಟ. 1984ರ ಜೂನ್ 3 ಗುರು ಅರ್ಜನರ ಬಲಿದಾನದ ಸ್ಮರಣೆಯ ದಿನ. ಮಂದಿರದ ಆವರಣದಲ್ಲಿ ಸಾವಿರಾರು ಯಾತ್ರಿಕರು ನೆರೆದಿದ್ದರು. ಹೆಂಗಸರು, ಮಕ್ಕಳು, ಮುದುಕರು. ಪಂಜಾಬಿಗೆಲ್ಲ ಕರ್ಫ್ಯೂ ಬಿದ್ದಿತು. ಅವರು ಒಳಗೇ ಸಿಕ್ಕಿಕೊಂಡರು. ಹೊರಗಿನವರಿಗೂ ಇದು ಗೊತ್ತಿದ್ದಿತು. ಒಳಗೆ ವ್ಯೂಹ ರಚಿಸಿದವರಿಗೂ ಗೊತ್ತಿದ್ದಿತು.

ಆಪರೇಷನ್ ಬ್ಲೂ ಸ್ಟಾರ್ ಎಂಬ ಆ ಕಾರ್ಯಾಚರಣೆಯ ಮೇಲ್ವಿಚಾರಣೆ ಲೆಫ್ಟಿನೆಂಟ್ ಜನರಲ್ ಸುಂದರ್‌ಜಿಯವರದು. ಅವರ ಬಲಗೈಯಾಗಿದ್ದವರು ಲೆಫ್ಟಿನೆಂಟ್ ಜನರಲ್ ರಣಜಿತ್ ಸಿಂಗ್ ದಯಾಳರು. 1965ರಲ್ಲಿ ಹಾಜಿ ಪೀರ್ ಕಣಿವೆಯನ್ನು ಗೆದ್ದ ಪ್ಯಾರಾಚೂಟ್ ದಳದ ವೀರ, ಸ್ವತಃ ಸಿಖ್ಖರು. ದಾಳಿಯನ್ನು ನಡೆಸಿದವರು ಮೇಜರ್ ಜನರಲ್ ಕುಲದೀಪ್ ಸಿಂಗ್ ಬ್ರಾರ್. ಅವರೂ ಸಿಖ್ ಮನೆತನದವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ಪಲ್ಟನೊಂದನ್ನು 1971ರಲ್ಲಿ ಪೂರ್ವ ಬಂಗಾಳದ ಜಮಾಲ್‌ಪುರದಲ್ಲಿ ನಡೆಸಿದವರು. ಒಂದೇ ಯುದ್ಧವನ್ನು ಒಂದೇ ಪಕ್ಷದಲ್ಲಿ ಕಾದಿದವರು ಹದಿಮೂರು ವರ್ಷಗಳ ಮೇಲೆ ಒಂದು ಸರೋವರದ ದಡದಲ್ಲಿ ಎದುರುಬದುರಾದರು.

ಜೂನ್ 5ರ ರಾತ್ರಿ ಹತ್ತೂವರೆಯ ಸುಮಾರಿಗೆ ದಾಳಿ ಮೊದಲಾಯಿತು. ಉತ್ತರದ ಗಡಿಯಾರದ ಗೋಪುರದ ಬಾಗಿಲಿನಿಂದ ಲೆಫ್ಟಿನೆಂಟ್ ಕರ್ನಲ್ ಇಸ್ರಾರ್ ಖಾನರ ನೇತೃತ್ವದಲ್ಲಿ ಗಾರ್ಡ್ಸ್ ಪಲ್ಟನು ಮೆಟ್ಟಿಲಿಳಿಯಿತು. ಇಕ್ಕೆಲದಿಂದಲೂ ಮೆಷಿನ್‌ಗನ್ನುಗಳು ಸಿಡಿದುವು. ಕಪ್ಪು ಉಡುಪಿನ ಕಮಾಂಡೋಗಳು ಅಕಾಲ್ ತಖ್ತಿನ ಎದುರಿನ ಬಯಲನ್ನು ದಾಟಲು ಮತ್ತೆ ಮತ್ತೆ ಹೊರಟು ಮತ್ತೆ ಮತ್ತೆ ಬಿದ್ದರು. ದಕ್ಷಿಣದ ರಾಜ್ಯಗಳ ಹುಡುಗರು ಸೇರುವ ಮದರಾಸು ರೆಜಿಮೆಂಟಿನ 26ನೆಯ ಪಲ್ಟನು ಇನ್ನೊಂದು ಬದಿಯಿಂದ ಬಂದು ತಡೆಯಲ್ಪಟ್ಟಿತು. ನೆರವಿಗೆ ಕರೆಸಿದ ತುಕಡಿಗಳಲ್ಲಿ ಗಢವಾಲ್ ರೈಫಲ್ಸಿನವರೂ ಇದ್ದರು. ನಲವತ್ತು ವರ್ಷಗಳ ಹಿಂದೆ ತರುಣ ಶಾಬೇಗ್ ಸಿಂಗ್ ಹೆಗಲಿಗೆ ಮೊದಲು ತೊಟ್ಟ ಲಾಂಛನ ಅದೇ ರೆಜಿಮೆಂಟಿನದು.

ಕವಚದ ವಾಹನವೊಂದನ್ನು ಮುಂದೆ ಬಿಟ್ಟರು. ಟ್ಯಾಂಕು ನಾಶಕ ರಾಕೆಟ್ ತಗುಲಿ ಅದು ನಿಂತಲ್ಲೇ ನಿಂತಿತು. ಅಂತಹ ಅಸ್ತ್ರ ಒಳಗಿರುವುದೆಂದು ಸೈನ್ಯ ಎಣಿಸಿಯೇ ಇರಲಿಲ್ಲ. ಬೆಳಕು ಹರಿದರೆ ಬಿಳಿಯ ನೆಲದ ಮೇಲಿರುವ ಸೈನಿಕರೆಲ್ಲ ಬಲಿಯಾಗುವರೆಂಬ ಆತಂಕದಲ್ಲಿ, ದೆಹಲಿಯ ಅನುಮತಿ ಪಡೆದು, ವಿಜಯಂತ ಟ್ಯಾಂಕುಗಳ ದೊಡ್ಡ ಫಿರಂಗಿಗಳನ್ನು ಅಕಾಲ್ ತಖ್ತಿನ ಕಡೆಗೆ ತಿರುಗಿಸಿದರು. ಜೂನ್ 6ರ ಬೆಳಗ್ಗೆ ಆ ಪವಿತ್ರ ಕಟ್ಟಡದ ಮುಂಭಾಗ ಕುಸಿದಿದ್ದಿತು. ಮಂದಿರದ ಮಾನವನ್ನು ಕಾಯಲೆಂದು ಹೂಡಿದ ವ್ಯೂಹ ಇಷ್ಟು ಬಲವಾಗಿರದಿದ್ದರೆ ಅಲ್ಲಿಗೆ ಟ್ಯಾಂಕು ಬರುತ್ತಿರಲಿಲ್ಲ. ಟ್ಯಾಂಕನ್ನು ತಂದವರ ಹೊಣೆ ಇದರಿಂದ ಕಡಮೆಯಾಗುವುದಿಲ್ಲ. ವ್ಯೂಹವನ್ನು ಹೂಡಿದವರದೂ ಆಗುವುದಿಲ್ಲ.

ಸರಕಾರ ಜುಲೈಯಲ್ಲಿ ಹೊರಡಿಸಿದ ಶ್ವೇತಪತ್ರದ ಪ್ರಕಾರ ಮಡಿದ ಸೈನಿಕರು 83. ಇತರರ ಸಂಖ್ಯೆ ಐನೂರರ ಹತ್ತಿರ. ಆ ಪಟ್ಟಿಯಲ್ಲಿ ಬಂದೂಕು ಹಿಡಿದವರನ್ನೂ ಹಿಡಿಯದ ಯಾತ್ರಿಕರನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಸತ್ತವರು ಅದಕ್ಕಿಂತ ಬಹಳ ಹೆಚ್ಚೆಂದು ಹೇಳುವವರು ಇಂದಿಗೂ ಇದ್ದಾರೆ. ಸುದ್ದಿ ಮುಟ್ಟಿದಾಗ ಬಿಹಾರದ ರಾಮಗಢವೇ ಮೊದಲಾದ ಕಡೆ ಸಿಖ್ ಸಿಪಾಯಿಗಳು ದಂಗೆಯೆದ್ದರು. ರಾಮಗಢದಲ್ಲಿ ಅವರ ತರಬೇತಿ ಕೇಂದ್ರದ ಮುಖ್ಯಸ್ಥರೇ ಗುಂಡಿಗೆ ಬಲಿಯಾದರು. ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಅಂಗರಕ್ಷಕರೇ ಕೊಂದರು. ಆಮೇಲಿನ ಮೂರು ನಾಲ್ಕು ದಿನಗಳಲ್ಲಿ ದೆಹಲಿಯೊಂದರಲ್ಲೇ, ಅಧಿಕೃತ ಲೆಕ್ಕದಂತೆ, 2,733 ಸಿಖ್ಖರು ಕೊಲೆಯಾದರು. ಅವರಲ್ಲಿ ಎಷ್ಟೋ ಜನ ಟ್ಯಾಕ್ಸಿ ನಡೆಸುವವರು, ಬಡಗಿಗಳು, ಮಂಚ ಹೆಣೆಯುವವರು. ಖಿಯಾಲಾದ ಹೆಸರನ್ನಾಗಲಿ ಅಗರ್ತಲಾದ ಹೆಸರನ್ನಾಗಲಿ ಅವರು ಕೇಳಿದ್ದರೋ ಇಲ್ಲವೋ.

ಜೂನ್ 7ರ ಬೆಳಗ್ಗೆ ಸೈನಿಕರು ಅಕಾಲ್ ತಖ್ತಿನ ನೆಲಮಾಳಿಗೆಗಳನ್ನು ಶೋಧಿಸಿದರು. ಶಾಬೇಗ್ ಸಿಂಗರ ದೇಹ ಅಲ್ಲಿ ದೊರೆಯಿತು. ಕೈಯಲ್ಲಿ ಕಾರ್ಬೈನ್ ಬಂದೂಕು ಹಿಡಿದೇ ಇದ್ದಿತೆಂದೂ, ಪಕ್ಕದಲ್ಲಿ ವಾಕಿಟಾಕಿ ಬಿದ್ದಿದ್ದಿತೆಂದೂ ದಾಳಿಯ ವೃತ್ತಾಂತಗಳು ಹೇಳುತ್ತವೆ. ದೇಹವನ್ನು ಮನೆಯವರಿಗೆ ಕೊಡಲಿಲ್ಲ. ಅಮೃತಸರದಲ್ಲಿಯೇ, ಕರ್ಫ್ಯೂವಿನ ನಡುವೆ, ದಹನ ನಡೆಯಿತು. ಲಖನೌದ ತೀರ್ಪು ಬಂದು ಆಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.